ಗೆಣಸಿನ ಪೈಯಲ್ಲಿ ಫೇಲಾಗುವ ಬಗೆ

ಕಾರು ಓಡಿಸಲು ಕಲಿಸುವ ಮೇಷ್ಟ್ರಿಗೆ ಅವರ ಹೆಂಡತಿಯೇ ಪರೀಕ್ಷೆ ಇಟ್ಟಳು. ಪರೀಕ್ಷೆ ಕಾರಿನದಲ್ಲ, ಅಡಿಗೆಯದು. ಭಾನುವಾರ ಮಧ್ಯಾಹ್ನ ಮೇಷ್ಟ್ರು ಒಬ್ಬರೇ ಒಲೆ ಮುಂದೆ ನಿಂತು ಕಾಟೇಜ್ ಪೈ ಮಾಡಬೇಕು. ಕೆಳಗೆ ಹುರಿದು ಬೇಯಿಸಿದ ಕೈಮಾ, ಮೇಲೆ ಹಿಸುಕಿದ ಗೆಣಸಿನ ಹೊದಿಕೆ, ಆಮೇಲೆ ಎರಡನ್ನೂ ಸೇರಿಸಿ ಓವನ್ನಿನಲ್ಲಿ ಮೇಲ್ಭಾಗ ಕೆಂಪಗಾಗುವ ತನಕ ಸುಡುವುದು. ಪಾಸಾದರೆ ಹೆಂಡತಿ ಆರು ತಿಂಗಳ ಮಟ್ಟಿಗೆ ಹಡಗಿನ ಕೆಲಸಕ್ಕೆ ಹೋಗುತ್ತಾಳೆ. ಫೇಲಾದರೆ ಹೋಗುವುದಿಲ್ಲ, ಮನೆಯಲ್ಲೇ ಇರುತ್ತಾಳೆ.

ಹೇಗಾದರೂ ಮಾಡಿ ಫೇಲಾಗಲೇಬೇಕೆಂದು ಮೇಷ್ಟ್ರು ಆ ಕ್ಷಣವೇ ತೀರ್ಮಾನಿಸಿದರು.

ಅವರನ್ನು ಬೈಯುವ ಮೊದಲು ಒಂದು ಮಾತು. ಮೇಷ್ಟ್ರು ಕೆಟ್ಟವರಲ್ಲ. ಹೆಂಡತಿ ಎಂದರೆ ಅವರಿಗೆ ಪ್ರಾಣ, ಆದರೆ ಅದನ್ನು ಬಾಯಿಬಿಟ್ಟು ಹೇಳುವುದೆಂದರೆ ಪ್ರಾಣಸಂಕಟ. ಮದುವೆಯಾದಾಗಿನಿಂದ ಅವರು ಆಕೆಗೆ ಆಡಿದ ಅತಿ ಪ್ರೀತಿಯ ಮಾತೆಂದರೆ "ಬಾಗಿಲು ಸರಿಯಾಗಿ ಹಾಕ್ಕೋ" ಎಂಬುದು. ಆಕೆ ದಾದಿಯರ ಹಾಸ್ಟೆಲ್ಲಿನ ಅಡಿಗೆಮನೆ ನಡೆಸುತ್ತಿದ್ದಳು. ಹಗಲೆಲ್ಲ ಆವಿಯಲ್ಲಿ ಕನ್ನಡಕ ಮಬ್ಬಾಗಿಸಿಕೊಂಡು ಊರ ಹುಡುಗಿಯರಿಗೆ ಬೇಯಿಸಿ ಹಾಕಿ, ಸಂಜೆ ಮನೆಗೆ ಬಂದು ಗಂಡನಿಗೂ ಅತ್ತೆಗೂ ಮತ್ತೆ ಬೇಯಿಸುತ್ತಿದ್ದಳು. ಸಮುದ್ರವನ್ನು ಕಂಡದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಹಾಸ್ಟೆಲ್ ಬಿಟ್ಟು ಹಡಗು ಸೇರಿದ್ದ ಹಳೆಯ ಗೆಳತಿಯೊಬ್ಬಳು ಫೋನ್ ಮಾಡಿ, "ನಮ್ಮ ಅಡಿಗೆಮನೆಗೆ ಒಬ್ಬಳು ಗಟ್ಟಿಗಿತ್ತಿ ಬೇಕು, ಬರ್ತೀಯೇನೇ?" ಎಂದು ಕೇಳಿದಾಗ, ಒಲೆಯ ಮೇಲಿದ್ದ ಸೂಪು ಉಕ್ಕಿ ಉರಿ ಆರಿದ್ದೂ ಆಕೆಗೆ ತಿಳಿಯಲಿಲ್ಲ.

"ಹೋಗೇ, ಸುಮ್ನೆ ಹೋಗು" ಎಂದು ಮೊದಲು ಹೇಳಿದವಳು ಅತ್ತೆಯೇ. ಮೇಷ್ಟ್ರ ತಾಯಿಗೆ ಹಲ್ಲು ಹೋಗಿದ್ದರೂ ನಾಲಗೆಯ ಹರಿತ ಹೋಗಿರಲಿಲ್ಲ. "ನಾನಂತೂ ಈ ಬೀದಿ ಕೊನೆ ದಾಟಿದೋಳಲ್ಲ. ನೀನಾದ್ರೂ ನೋಡ್ಕೊಂಡು ಬಾ, ಆ ನೀರಿಗೆ ನಿಜವಾಗ್ಲೂ ಕೊನೆ ಇಲ್ವಾ ಅಂತ."

"ಹೋಗ್ತೀನಿ ಅತ್ತೆ, ಆದ್ರೆ ನಿಮಗೆ ಬೇಯಿಸಿ ಹಾಕೋರ್ಯಾರು? ಇವರಿಗೆ ಒಂದು ಮೊಟ್ಟೆ ಬೇಯಿಸೋಕೂ ಬರಲ್ಲ. ಒಂದೇ ಒಂದು ಅಡಿಗೆ ಸರಿಯಾಗಿ ಕಲೀಲಿ, ಅದರ ಧೈರ್ಯದ ಮೇಲೆ ಉಳಿದಿದ್ದು ತಾನಾಗೇ ಬರುತ್ತೆ."

ಕಾಟೇಜ್ ಪೈ ಆರಿಸಿದ್ದು ಅತ್ತೆಯ ಬಾಯಿಗೋಸ್ಕರ. ಅದಕ್ಕೆ ಹಲ್ಲು ಬೇಡ. ಮೇಲೆ ಆಲೂಗಡ್ಡೆ ಹಾಕುವುದು ವಾಡಿಕೆ, ಆದರೆ ಆಲೂಗಡ್ಡೆಯ ಹೆಸರೆತ್ತಿದರೇ ಅತ್ತೆಗೆ ಹೊಟ್ಟೆ ಉಬ್ಬುತ್ತಿತ್ತು. ಹಾಗಾಗಿ ಗೆಣಸು. ಮೇಷ್ಟ್ರು ಇಷ್ಟನ್ನೂ ಕೇಳಿಸಿಕೊಂಡು, "ಆಗ್ಲಿ, ನಂದೇನೂ ಅಭ್ಯಂತರ ಇಲ್ಲ" ಎಂದು ಪತ್ರಿಕೆಯೊಳಗೆ ಮುಖ ಮುಚ್ಚಿಕೊಂಡರು. ಪತ್ರಿಕೆ ತಲೆಕೆಳಗಾಗಿತ್ತು.

ಅವರ ಕಷ್ಟ ಅರ್ಥವಾಗಬೇಕಾದರೆ ಅವರ ಕಸುಬು ಅರ್ಥವಾಗಬೇಕು. ಕಾರು ಕಲಿಸುವವನು ಕೂರುವುದು ಪಕ್ಕದ ಸೀಟಿನಲ್ಲಿ. ಸ್ಟೀರಿಂಗ್ ಹಿಡಿದು ಎಷ್ಟು ವರ್ಷವಾಯಿತೆಂದು ಮೇಷ್ಟ್ರಿಗೇ ನೆನಪಿರಲಿಲ್ಲ. ಸಂಜೆ ಯಾರಾದರೂ ಕಲಿಯುವವರು ಸಿಕ್ಕರೆ ಅವರಿಂದ ಓಡಿಸಿಕೊಂಡು ಮನೆಗೆ ಬರುವುದು, ಸಿಗದಿದ್ದರೆ ಕಾರನ್ನು ಡ್ರೈವಿಂಗ್ ಶಾಲೆಯ ಮುಂದೆ ಬಿಟ್ಟು ನಡೆದು ಬರುವುದು. ಬಾಯಿಯೇ ಅವರ ಕೈ, ಬಾಯಿಯೇ ಅವರ ಕಾಲು. ಮನೆಯಲ್ಲೂ ಅದೇ ಚಾಳಿ. ತಾಯಿ ಸೂಜಿಗೆ ದಾರ ಪೋಣಿಸುತ್ತಿದ್ದರೆ ಪಕ್ಕದಲ್ಲಿ ನಿಂತು "ನಿಧಾನ, ನಿಧಾನ, ನೇರ ಹೋಗಲಿ" ಎನ್ನುತ್ತಿದ್ದರು. ಹೆಂಡತಿ ಬಟ್ಟೆ ಒಣಹಾಕುವಾಗ "ಹಿಂದೆ ನೋಡ್ಕೋ, ಬಕೆಟ್ ಇದೆ" ಎನ್ನುತ್ತಿದ್ದರು. ಬಕೆಟ್ ಎತ್ತಿ ಆಚೆ ಇಡುವುದು ಮಾತ್ರ ಅವರ ಪಾಠಕ್ರಮದಲ್ಲಿ ಇರಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ಇವರು ಶಾಸ್ತ್ರವನ್ನು ಹೇಳಿ ಹೇಳಿ ಬದನೆಕಾಯಿಯನ್ನು ಮರೆತೇಬಿಟ್ಟಿದ್ದರು.

ಆ ವಾರವೆಲ್ಲ ಸಂಜೆ ಹೆಂಡತಿ ಅವರಿಗೆ ಪಾಠ ಮಾಡಿದಳು. ಮಾಡಿದಳು ಎನ್ನುವುದು ಪೂರ್ತಿ ನಿಜವಲ್ಲ. ಆಕೆ ಈರುಳ್ಳಿ ಹೆಚ್ಚಿ ಬಾಣಲೆಗೆ ಹಾಕುವಷ್ಟರಲ್ಲಿ ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತಾಗಿರುತ್ತಿತ್ತು.

"ಉರಿ ಎರಡನೇ ಗೇರಿಗೆ ತಾ. ಜೋರಾಗಿ ಏರಿಸ್ಬೇಡ, ಹೊಯ್ದಾಡುತ್ತೆ. ಹಾಂ, ಈಗ ಕೈಮಾ ಬಿಡು. ಒಂದೇ ಕಡೆ ಗುಂಪು ಮಾಡ್ಬೇಡ, ಟ್ರಾಫಿಕ್ ಜಾಮ್ ಆಗುತ್ತೆ."

"ರೀ, ಪಾಠ ಹೇಳ್ಕೊಡ್ತಿರೋದು ನಾನು."

"ಗೊತ್ತು, ಗೊತ್ತು. ಗಮನ ಬಾಣಲೆ ಮೇಲಿರಲಿ. ಪಾಠದ ಮಧ್ಯೆ ಮಾತಾಡ್ಬಾರ್ದು."

ವಾರ ಮುಗಿಯುವಷ್ಟರಲ್ಲಿ, ಇಪ್ಪತ್ತು ವರ್ಷದಿಂದ ಪೈ ಮಾಡುತ್ತಿದ್ದ ಆಕೆಗೆ ತಾನು ಈಗಷ್ಟೇ ಕಲಿತೆನೇನೋ ಎಂಬ ಅನುಮಾನ ಹುಟ್ಟಿತ್ತು. ಶನಿವಾರ ಮೇಷ್ಟ್ರು ಆಕೆಯ ಬೆನ್ನು ತಟ್ಟಿ, "ಪರವಾಗಿಲ್ಲ, ಕೈ ಪಳಗಿದೆ" ಎಂದರು. ಆಕೆ ಸೌಟನ್ನು ನೋಡಿದಳು, ಅವರ ತಲೆಯನ್ನು ನೋಡಿದಳು, ಸೌಟನ್ನು ಕೆಳಗಿಟ್ಟಳು.

ಇನ್ನು ಉಳಿದದ್ದು ಪರೀಕ್ಷಕರ ಪ್ರಶ್ನೆ. ರುಚಿ ನೋಡಿ ತೀರ್ಪು ಹೇಳುವುದು ಹೆಂಡತಿಯೇ ಆದರೆ ಕೆಲಸ ಕೆಟ್ಟಿತು. ಆಕೆಗೆ ಹಡಗು ಹತ್ತುವ ತವಕ. ಇದ್ದಿಲು ಮಾಡಿಟ್ಟರೂ ಪಾಸು ಎಂದುಬಿಡಬಹುದು. ತಾಯಿಯನ್ನಂತೂ ನಂಬುವ ಹಾಗೇ ಇಲ್ಲ, ಅವಳು ಸೊಸೆಯ ಪಕ್ಷ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಪರೀಕ್ಷೆ ಎಂದಮೇಲೆ ಪಕ್ಷಪಾತ ಇರಬಾರದು, ಹೊರಗಿನವರೇ ಬರಬೇಕು, ಲೈಸೆನ್ಸ್ ಕಚೇರಿಯ ಇನ್‌ಸ್ಪೆಕ್ಟರನ್ನೇ ಕರೆಯೋಣ ಎಂದರು.

"ಫೇಲಪ್ಪನ್ನಾ?" ಹೆಂಡತಿ ಬೆಚ್ಚಿಬಿದ್ದಳು.

ಇನ್‌ಸ್ಪೆಕ್ಟರಿಗೆ ಹೆತ್ತವರು ಇಟ್ಟ ಹೆಸರು ಏನಿತ್ತೋ, ಊರು ಇಟ್ಟ ಹೆಸರು ಫೇಲಪ್ಪ. ಬೆಂಕಿ ಆರಿಸುವ ಗಾಡಿಯ ಚಾಲಕನನ್ನು ಅವಸರ ಮಾಡಿದನೆಂದು ಫೇಲು ಮಾಡಿದ ಮಹಾನುಭಾವ ಆತ. ಸಿಗ್ನಲ್ ಕೊಡದೆ ಸೀನಿದಳೆಂದು ಒಬ್ಬ ಹೆಂಗಸನ್ನು ಫೇಲು ಮಾಡಿದ್ದ. ಮೇಷ್ಟ್ರ ಶಿಷ್ಯರಲ್ಲಿ ಹಲ್ಲಿನ ಡಾಕ್ಟರೊಬ್ಬರಿದ್ದರು. ಅವರು ಪರೀಕ್ಷೆಗೆ ಹೋಗಿ ಹೋಗಿ, ಕೊನೆಗೆ ಕಾರನ್ನೇ ಮಾರಿ ಸೈಕಲ್ ಕೊಂಡುಕೊಂಡರು. ಇಂಥ ಮನುಷ್ಯ ತನ್ನನ್ನು ಕೈಬಿಡಲಾರ ಎಂದು ಮೇಷ್ಟ್ರಿಗೆ ಪೂರಾ ನಂಬಿಕೆಯಿತ್ತು.

ಕಚೇರಿಯ ಕಿಂಡಿಯಲ್ಲಿ ಫೇಲಪ್ಪ ತಲೆ ಎತ್ತದೆ ಕೇಳಿದ್ದ.

"ಯಾವ ಗಾಡಿ?"

"ಗಾಡಿ ಅಲ್ಲ ಸಾರ್. ಪೈ. ಗೆಣಸಿಂದು."

"ಲಘು ವಾಹನವೋ, ಭಾರಿ ವಾಹನವೋ?"

"ಹೊಟ್ಟೆಗೆ ಸ್ವಲ್ಪ ಭಾರಿ ಸಾರ್."

ಫೇಲಪ್ಪ ಪೆನ್ನಿನ ತುದಿಯನ್ನು ಕಚ್ಚಿ ಯೋಚಿಸಿದ. "ಚಕ್ರ ಇಲ್ದಿದ್ರೂ ನಿಯಮ ಇದ್ದೇ ಇರುತ್ತೆ" ಎಂದ. "ಬರ್ತೀನಿ."

ಭಾನುವಾರ ಬಂತು. ಹೆಂಡತಿ ಬೇಕಾದ ಸಾಮಾನನ್ನೆಲ್ಲ ಮೇಜಿನ ಮೇಲೆ ಜೋಡಿಸಿಟ್ಟು, ಅತ್ತೆಯನ್ನು ಕರೆದುಕೊಂಡು ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೇಷ್ಟ್ರು ಏಪ್ರನ್ ಕಟ್ಟಿಕೊಂಡು, ಅಭ್ಯಾಸಬಲದಿಂದ ಒಲೆಯ ಪಕ್ಕಕ್ಕೆ ಹೋಗಿ ನಿಂತು, "ಸರಿ, ಶುರು ಮಾಡಿ" ಎಂದರು. ಯಾರೂ ಶುರು ಮಾಡಲಿಲ್ಲ. ಈರುಳ್ಳಿ ಇದ್ದಲ್ಲೇ ಇತ್ತು. ಅವರು ಇನ್ನೊಮ್ಮೆ, ಸ್ವಲ್ಪ ಗಡಸು ದನಿಯಲ್ಲಿ ಹೇಳಿದರು. ಆಮೇಲೆ ಪರಿಸ್ಥಿತಿ ಅರ್ಥವಾಗಿ, ಆಚೀಚೆ ನೋಡಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಒಲೆಯ ಎದುರಿಗೆ ಬಂದರು. ಗೋಡೆಯ ಮೊಳೆಗೆ ಗಡ್ಡ ಹೆರೆಯುವ ಕನ್ನಡಿ ತಗುಲಿಹಾಕಿ, ಹಿಂದಿನ ಬಾಗಿಲು ಕಾಣುವಂತೆ ಓರೆ ಮಾಡಿಕೊಂಡ ಮೇಲೆ ಸ್ವಲ್ಪ ಸಮಾಧಾನವಾಯಿತು. ಯಾರಾದರೂ ಬಂದರೆ ಗೊತ್ತಾಗಬೇಕಲ್ಲ.

ಫೇಲಾಗುವುದರಲ್ಲೂ ಒಂದು ಮರ್ಯಾದೆ ಇರುತ್ತದೆ. ಪೈಯನ್ನು ಇದ್ದಿಲು ಮಾಡಿದರೆ ಬೇಕೆಂದೇ ಮಾಡಿದ್ದೆಂದು ಮಗುವಿಗೂ ತಿಳಿಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೇಷ್ಟ್ರು ತಮ್ಮ ಅನುಭವವನ್ನೆಲ್ಲ ಕೆದಕಿದರು. ಮರಕ್ಕೆ ಗುದ್ದಿ ಫೇಲಾದವರು ಅವರ ಶಿಷ್ಯರಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರೂ ಸಣ್ಣಪುಟ್ಟ ತಪ್ಪುಗಳು ಒಂದರ ಮೇಲೊಂದು ಕೂತು ಫೇಲಾದವರೇ. ತಾನೂ ಹಾಗೆಯೇ ಫೇಲಾಗಬೇಕು, ನೋಡಿದವರು ಪಾಪ ಅನ್ನಬೇಕು.

ಗೆಣಸನ್ನು ಸಿಪ್ಪೆ ಸಮೇತ ಓವನ್ನಿನಲ್ಲಿ ಸುಡಬೇಕೆಂದು ಹೆಂಡತಿ ಹೇಳಿದ್ದಳು. ನೀರಿನಲ್ಲಿ ಬೇಯಿಸಿದರೆ ಅದು ನೀರು ಕುಡಿದು ಮುದ್ದೆಯಾಗುತ್ತದೆ. ಮೇಷ್ಟ್ರು ಕನ್ನಡಿಯಲ್ಲಿ ಹಿಂದೆ ನೋಡಿದರು, ಯಾರೂ ಇಲ್ಲ. ಗೆಣಸನ್ನು ಸಿಪ್ಪೆ ಹೆರೆದು, ಸಣ್ಣಗೆ ಕತ್ತರಿಸಿ, ದೊಡ್ಡ ಪಾತ್ರೆ ತುಂಬ ನೀರಿಟ್ಟು ಅದರೊಳಗೆ ಮುಳುಗಿಸಿದರು. ಬೆಂದ ಮೇಲೆ ನೀರು ಬಸಿಯಬೇಕು. ಅರ್ಧ ಬಸಿದರು. ಸ್ವಲ್ಪವೂ ಬಸಿಯದಿದ್ದರೆ ಅನುಮಾನ ಬರುತ್ತದೆ ನೋಡಿ.

ಕೈಮಾದ ಸರದಿ ಬಂತು. ಇಷ್ಟು ವರ್ಷದಲ್ಲಿ ಅವರು ಯಾರಿಗೂ ತಪ್ಪು ಪಾಠ ಹೇಳಿಕೊಟ್ಟವರಲ್ಲ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೇ ಎಂದು ಮನಸ್ಸಿಗೆ ಚುರುಕ್ಕೆಂದಿತು. ಅಷ್ಟರಲ್ಲಿ ಮುಂದಿನ ಕೋಣೆಯಿಂದ ಹೆಂಡತಿಯ ನಗು ಕೇಳಿಸಿತು. ಅತ್ತೆಗೆ ಹಡಗಿನಲ್ಲಿ ಮಲಗುವ ಮಂಚ ಹೇಗಿರುತ್ತದೆಂದು ವಿವರಿಸುತ್ತಿದ್ದಳು. ಆ ನಗು ಈ ಮನೆಯೊಳಗೆ ಆರು ತಿಂಗಳು ಇರುವುದಿಲ್ಲ ಎಂದುಕೊಂಡದ್ದೇ ತಡ, ಮೇಷ್ಟ್ರು ಇಡೀ ಕೈಮಾವನ್ನು ಚಿಕ್ಕ ಬಾಣಲೆಗೆ ಒಟ್ಟಿಗೇ ಸುರಿದರು. ಅದು ಹುರಿಯುವ ಬದಲು ತನ್ನದೇ ನೀರಿನಲ್ಲಿ ಬೂದಿ ಬಣ್ಣಕ್ಕೆ ತಿರುಗಿ ಕೊತಕೊತ ಎನ್ನತೊಡಗಿತು. ಉಪ್ಪಿನ ಡಬ್ಬಿಯನ್ನು ಎತ್ತಿದರು, ಮುಚ್ಚಳ ತೆಗೆದರು, ಬಾಣಲೆಯ ಮೇಲೆ ಎರಡು ಸಲ ಕೈಯಾಡಿಸಿದರು, ಒಂದು ಹರಳನ್ನೂ ಹಾಕದೆ ಮುಚ್ಚಳ ಹಾಕಿಟ್ಟರು. ಮೊದಲೇ ಸಿಹಿಯಿದ್ದ ಗೆಣಸಿಗೆ ಮಾತ್ರ ಧಾರಾಳವಾಗಿ ಸಕ್ಕರೆ ಬೆರೆಸಿದರು.

ವಿಚಿತ್ರವೆಂದರೆ ಇಷ್ಟು ಕೆಡಿಸುವಾಗಲೂ ಅವರು ಒಂದು ಕ್ರಮವನ್ನೂ ತಪ್ಪಿಸಲಿಲ್ಲ. ಸೌಟನ್ನು ಬಲಕ್ಕೆ ತಿರುಗಿಸುವ ಮೊದಲು ಬಲಗೈ ಚಾಚಿದರು. ಬಾಣಲೆಯನ್ನು ಹಿಂದಕ್ಕೆ ಎಳೆಯುವ ಮೊದಲು ಭುಜದ ಮೇಲಿಂದ ಹಿಂದಿರುಗಿ ನೋಡಿದರು.

ಹೇಳಿದ ಹೊತ್ತಿಗೆ ಸರಿಯಾಗಿ ಫೇಲಪ್ಪ ಬಂದ. ಯೂನಿಫಾರಮ್ಮು ಗರಿಗರಿಯಾಗಿತ್ತು, ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. ಹೊಸ್ತಿಲ ಬಳಿ ತುಂಬ ಹೊತ್ತು ನಿಂತ. ಮೇಷ್ಟ್ರ ತಾಯಿ "ಒಳಗೆ ಬಾಪ್ಪಾ" ಎಂದ ಮೇಲೆ, ತನಗೇ ಹೇಳಿದ್ದೋ ಎಂದು ಹಿಂದೆ ತಿರುಗಿ ನೋಡಿ ಆಮೇಲೆ ಒಳಗೆ ಬಂದ. ಬಂದವನು ಕೂರಲಿಲ್ಲ. ಊಟದ ಮೇಜಿನ ಸುತ್ತ ಇದ್ದ ಕುರ್ಚಿಗಳನ್ನು ಎಳೆದು ಕೋಣೆಯ ಮಧ್ಯೆ ಎರಡು ಸುತ್ತು ಬರುವಂತೆ ಜೋಡಿಸಿದ.

"ಮೊದಲು ಎಂಟು ಹಾಕಿ."

"ಸಾರ್?"

"ಪೈ ಕೈಯಲ್ಲಿ ಹಿಡ್ಕೊಂಡು, ಓವನ್ನಿಂದ ಮೇಜಿನ ತನಕ, ಈ ಕುರ್ಚಿಗಳ ಮಧ್ಯೆ ಎಂಟರ ಆಕಾರದಲ್ಲಿ. ಒಂದು ತೊಟ್ಟು ಚೆಲ್ಲಿದ್ರೂ ಫೇಲ್."

ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಇಷ್ಟು ಸುಲಭ ಎಂದು ತಿಳಿದಿದ್ದರೆ ಗೆಣಸಿಗೆ ಅಷ್ಟು ಹಿಂಸೆ ಕೊಡುವ ಅಗತ್ಯವೇ ಇರಲಿಲ್ಲ. ಎರಡೂ ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಓವನ್ ತೆರೆದು ಗಾಜಿನ ತಟ್ಟೆಯನ್ನು ಎತ್ತಿದರು. ಪೈ ಎಂಬುದು ಅಂಚಿನ ತನಕ ತುಂಬಿದ ಕೆರೆಯಂತೆ ತುಳುಕುತ್ತಿತ್ತು. ಒಂದು ಸಣ್ಣ ಎಡವು ಸಾಕು, ಹೆಂಡತಿ ಮನೆಯಲ್ಲೇ.

ಆದರೆ ಕಾಲು ಮಾತು ಕೇಳಬೇಕಲ್ಲ! ಜೀವಮಾನವೆಲ್ಲ ಊರಿಗೆ ಎಂಟು ಹಾಕಿಸಿದ ಮನುಷ್ಯ. ಮೊದಲ ಕುರ್ಚಿ ಹತ್ತಿರ ಬಂದದ್ದೇ ಮಂಡಿ ತಾನಾಗಿ ಮೆತ್ತಗಾಯಿತು, ಸೊಂಟ ತಾನಾಗಿ ವಾಲಿತು, ಪಾದಗಳು ಬೆಣ್ಣೆಯ ಮೇಲೆ ಜಾರುವಂತೆ ಸರಿದವು. ಎಡವು, ಎಡವು ಎಂದು ಅವರು ತಮ್ಮ ಕಾಲಿಗೆ ಒಳಗೊಳಗೇ ಆಜ್ಞೆ ಮಾಡಿದರು. ಕಾಲು ಅವರನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಮೊದಲ ಸೊನ್ನೆ ಮುಗಿಯಿತು. ಎರಡನೇ ಸೊನ್ನೆಯೂ ಮುಗಿಯಿತು. ಬೂದಿ ಬಣ್ಣದ ರಸ ಅಂಚಿಗೆ ಬಂದು, ಇಣುಕಿ ನೋಡಿ, ಹಿಂದಕ್ಕೆ ಹೋಯಿತು.

"ಈಗ ರಿವರ್ಸ್" ಎಂದ ಫೇಲಪ್ಪ.

ರಿವರ್ಸಿನಲ್ಲೂ ಒಂದು ತೊಟ್ಟು ಚೆಲ್ಲಲಿಲ್ಲ. ತಾಯಿ ಚಪ್ಪಾಳೆ ತಟ್ಟಿದಳು. ಹೆಂಡತಿ ಕಣ್ಣರಳಿಸಿ ನೋಡಿದಳು. ಗಂಡನ ನಡಿಗೆಯಲ್ಲಿ ಇಂಥ ಚಂದವಿದೆಯೆಂದು ಆಕೆಗೂ ಈ ತನಕ ಗೊತ್ತಿರಲಿಲ್ಲ. ಮೇಷ್ಟ್ರು ಮಾತ್ರ ಪೆಚ್ಚು ಮೋರೆ ಹಾಕಿಕೊಂಡು ತಟ್ಟೆಯನ್ನು ಮೇಜಿನ ಮೇಲಿಟ್ಟರು. ಹೋಗಲಿ, ರುಚಿ ಇದೆಯಲ್ಲ. ರುಚಿಯಂತೂ ಕೈಕೊಡುವುದಿಲ್ಲ.

ಫೇಲಪ್ಪ ಪೈಯ ಸುತ್ತ ಒಂದು ಸುತ್ತು ಬಂದ. ಟೈರಿನ ಗಾಳಿ ನೋಡುವವನಂತೆ ಬೆರಳ ಗೆಣ್ಣಿನಿಂದ ತಟ್ಟೆಯನ್ನು ಕುಟ್ಟಿದ. ಬಗ್ಗಿ ಗಾಜಿನ ಅಡಿಯಿಂದ ನೋಡಿದ. "ಲೀಕ್ ಇದೆ" ಎಂದ.

"ಇದೆ ಸಾರ್!" ಮೇಷ್ಟ್ರ ಮುಖ ಅರಳಿತು. "ಭಾರಿ ಲೀಕ್ ಇದೆ!"

ಫೇಲಪ್ಪ ಕೊನೆಗೂ ಕೂತ. ತಾಯಿ ತಟ್ಟೆಗೆ ಬಡಿಸಿದಳು. ಬಡಿಸಿದಳು ಎನ್ನುವುದಕ್ಕಿಂತ ಸುರಿದಳು ಎನ್ನಬೇಕು. ಮೊದಲ ಚಮಚ ಬಾಯಿಗೆ ಹೋಯಿತು. ಫೇಲಪ್ಪನ ದವಡೆ ನಿಂತುಹೋಯಿತು. ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು.

"ಇದು ಬಿಸಿ ಇದೆ" ಎಂದ ಫೇಲಪ್ಪ. ಆರೋಪವೋ ಆಶ್ಚರ್ಯವೋ ತಿಳಿಯಲಿಲ್ಲ.

ಎರಡನೇ ಚಮಚ, ಮೂರನೇ ಚಮಚ. ಆತ ತಲೆ ಎತ್ತಲೇ ಇಲ್ಲ. ವಿಷಯ ಇಷ್ಟೇ: ಫೇಲಪ್ಪ ಕಚೇರಿಯ ಹಿಂದಿನ ಒಂಟಿ ಕೋಣೆಯಲ್ಲಿ ವಾಸವಾಗಿದ್ದ. ಕಾಗದದಲ್ಲಿ ಸುತ್ತಿದ ಬ್ರೆಡ್ಡನ್ನು ಕಿಟಕಿ ಬಳಿ ನಿಂತು ತಿನ್ನುತ್ತಿದ್ದ. ಫೇಲಾದವರು ಆತನನ್ನು ಊಟಕ್ಕೆ ಕರೆಯುತ್ತಿರಲಿಲ್ಲ, ಪಾಸಾದ ಒಬ್ಬಿಬ್ಬರು ಆತನನ್ನು ಮರೆತುಬಿಡುತ್ತಿದ್ದರು. ಮನೆಯೊಂದರ ಮೇಜಿನ ಮುಂದೆ ಕೂತು, ಯಾರೋ ತನಗೆಂದೇ ಮಾಡಿದ ಬಿಸಿ ಅಡಿಗೆಯನ್ನು ತಿಂದು ಎಷ್ಟು ಕಾಲವಾಗಿತ್ತೋ. ಮೂಗು ಸೋರತೊಡಗಿತು, ತೋಳಿನಿಂದ ಒರೆಸಿಕೊಂಡ. ತಟ್ಟೆ ಖಾಲಿಯಾಯಿತು, ಮುಂದೆ ಚಾಚಿದ. ಅದೂ ಖಾಲಿಯಾಯಿತು, ಮತ್ತೆ ಚಾಚಿದ. ಕೊನೆಗೆ ಚಮಚ ಕೆಳಗಿಟ್ಟು, ಅಭ್ಯಾಸವಿಲ್ಲದ ಶಬ್ದವೊಂದನ್ನು ಗಂಟಲಿನಿಂದ ಹೊರಗೆ ತರಲು ಒದ್ದಾಡಿದ. ಕೆಮ್ಮಿದಂತೆ ಕೇಳಿಸಿತು.

"ಪಾಸ್."

ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯಿತು. ಮೇಷ್ಟ್ರಿಗೆ ನಿಂತ ನೆಲವೇ ಕುಸಿದಂತಾಯಿತು.

"ಸಾರ್, ಸರಿಯಾಗಿ ನೋಡಿ ಸಾರ್! ಉಪ್ಪೇ ಇಲ್ಲ!"

"ಉಪ್ಪು ರಸ್ತೆ ನಿಯಮದಲ್ಲಿ ಬರಲ್ಲ."

"ಹಲ್ಲಿನ ಡಾಕ್ಟ್ರನ್ನ ಕನ್ನಡಕ ಸರಿಮಾಡ್ಕೊಂಡ್ರು ಅಂತ ಫೇಲ್ ಮಾಡಿದೋರು ನೀವು! ನನ್ನನ್ನ ಹೇಗೆ ಪಾಸ್ ಮಾಡ್ತೀರಿ? ಇದು ಅನ್ಯಾಯ. ಕೈಮಾ ನೋಡಿ ಸಾರ್, ಅಗಲ ಬಾಣಲೆಯಲ್ಲಿ ಹರಡಿ, ನೀರು ಬತ್ತಿ ಕಂದು ಬಣ್ಣ ಬರೋ ತನಕ ಅಲುಗಾಡಿಸದೆ ಹುರೀಬೇಕು. ಹುರಿದಿದೀನಾ? ಇಲ್ಲ! ಈರುಳ್ಳಿ ಮೊದಲೇ ಮೆತ್ತಗಾಗಿರ್ಬೇಕು, ಇಲ್ಲಿ ಕಚಕ್ ಅನ್ನುತ್ತೆ. ಕ್ಯಾರೆಟ್ ಸಣ್ಣಗೆ ಹೆಚ್ಚಬೇಕು, ನಾನು ಹೆಬ್ಬೆರಳಿನಷ್ಟು ಹೆಚ್ಚಿದೀನಿ. ಒಂದು ಚಮಚ ಮೈದಾ ಉದುರಿಸಿ, ರಸ ಗಟ್ಟಿ ಆಗೋ ತನಕ ಸಣ್ಣ ಉರಿಯಲ್ಲಿ ಬಿಡ್ಬೇಕು. ಬಿಟ್ಟಿದೀನಾ?"

"ಇಲ್ವಾ?" ಎಂದ ಫೇಲಪ್ಪ ಕಕ್ಕಾಬಿಕ್ಕಿಯಾಗಿ.

"ಬಿಟ್ಟಿಲ್ಲ! ಗೆಣಸನ್ನ ಸಿಪ್ಪೆ ಸಮೇತ ಸುಟ್ಟು, ಒಳಗಿ‌ನದನ್ನ ಚಮಚದಲ್ಲಿ ತೋಡಿ, ಬೆಣ್ಣೆ ಮೆಣಸಿನ ಪುಡಿ ಹಾಕಿ ಹಿಸುಕಬೇಕು. ನಾನು ಸಕ್ಕರೆ ಹಾಕಿದೀನಿ ಸಾರ್, ಸಕ್ಕರೆ! ಕೈಮಾ ಸ್ವಲ್ಪ ಆರಿದ ಮೇಲೆ ಹೊದಿಕೆ ಹಾಕ್ಬೇಕು, ಇಲ್ದಿದ್ರೆ ಮುಳುಗುತ್ತೆ. ಹೊದಿಕೆನ ಮೊದಲು ಅಂಚಿಗೆ ಒತ್ತಿ, ಆಮೇಲೆ ಮಧ್ಯಕ್ಕೆ ಬರ್ಬೇಕು, ಆಗ ರಸ ಹೊರಗೆ ಬರಲ್ಲ. ಮೇಲೆ ಫೋರ್ಕಲ್ಲಿ ಗೀರು ಎಳೀಬೇಕು, ಆ ಏಣುಗಳೇ ಕೆಂಪಗೆ ಗರಿಗರಿ ಆಗೋದು. ನಾನು ಸವರಿ ನುಣ್ಣಗೆ ಮಾಡಿದೀನಿ. ಸುಡೋವಾಗ ಓವನ್ ಬಾಗಿಲು ತೆಗೀಬಾರ್ದು, ನಾನು ತೆಗೆದು ತೆಗೆದು ಗಾಳಿ ಹಾಕಿದೀನಿ! ಇಷ್ಟೆಲ್ಲ ತಪ್ಪಿಗೂ ಪಾಸ್ ಅಂದ್ರೆ ಈ ದೇಶದ ಗತಿ ಏನು ಸಾರ್?"

ಉಸಿರು ತೆಗೆದುಕೊಳ್ಳಲು ಮೇಷ್ಟ್ರು ನಿಲ್ಲಿಸಿದರು. ತಾಯಿ ಬಾಯಿ ತೆರೆದುಕೊಂಡೇ ಕೂತಿದ್ದಳು.

"ಅಲ್ವೋ," ಎಂದಳು ತಾಯಿ ಮೆಲ್ಲಗೆ, "ನಿಂಗೆ ಎಲ್ಲಾ ಬರುತ್ತಲ್ಲೋ!"

ಆಗ ಮೇಷ್ಟ್ರಿಗೆ ತಾವು ಏನು ಮಾಡಿಕೊಂಡೆವೆಂದು ಹೊಳೆಯಿತು. ಹೊಳೆದು ಪ್ರಯೋಜನವಿರಲಿಲ್ಲ. ಹೆಂಡತಿ ಈಗ ಎದ್ದು ಬಂದು, ಒಂದು ಚಮಚ ತೆಗೆದುಕೊಂಡು, ಗಾಜಿನ ತಟ್ಟೆಯ ಮೂಲೆಯಿಂದ ಮೇಲಿನದೂ ಕೆಳಗಿನದೂ ಸೇರಿಸಿ ಬಾಯಿಗಿಟ್ಟಳು. ನಿಧಾನವಾಗಿ ಅಗಿದು ನುಂಗಿದಳು. ಹಾಸ್ಟೆಲ್ಲಿನಲ್ಲಿ ದೊಡ್ಡ ಹಂಡೆಯ ರುಚಿ ನೋಡುವಾಗ ಆಕೆಯ ಹುಬ್ಬು ಹೇಗೆ ಕೂಡುತ್ತಿತ್ತೋ ಹಾಗೆಯೇ ಕೂಡಿತು.

"ಕೆಡಿಸೋದ್ರಲ್ಲಿ ನೀವು ಒಂದೇ ಒಂದು ತಪ್ಪೂ ಮಾಡಿಲ್ಲ ರೀ" ಎಂದಳು.

"ಓವನ್ ಸರಿ ಇರಲಿಲ್ಲ..." ಎಂದು ಮೇಷ್ಟ್ರು ತೊದಲಿದರು.

"ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ" ಎಂದಳು ತಾಯಿ.

"ಅತ್ತೆ, ಸ್ವಲ್ಪ ಸುಮ್ನಿರಿ." ಹೆಂಡತಿ ಗಂಡನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಯಾಕ್ರೀ ಹೀಗೆ ಮಾಡಿದ್ರಿ?"

ಮೇಷ್ಟ್ರು ಚಾವಣಿ ನೋಡಿದರು, ಕುರ್ಚಿಗಳನ್ನು ನೋಡಿದರು. ಸಹಾಯಕ್ಕೆ ಬಾರದ ಫೇಲಪ್ಪನನ್ನೂ ನೋಡಿದರು. ಆತ ಮೆಲ್ಲಗೆ ನಾಲ್ಕನೇ ಸಲ ಬಡಿಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ನಿಂತು ಬೇರೆಯವರಿಗೆ ಹೇಳಿಕೊಡುವ ಮಾತಾಗಿದ್ದರೆ ನೂರು ಬರುತ್ತಿದ್ದವು. ಇದು ತಮ್ಮದೇ ಮಾತು, ಎಲ್ಲಿಂದ ಎತ್ತಿಕೊಳ್ಳಬೇಕೆಂದೇ ತಿಳಿಯಲಿಲ್ಲ.

"ನೀನು ಹೋಗ್ಬೇಡ" ಎಂದರು ಕೊನೆಗೆ. ದನಿ ಅವರದಲ್ಲವೇನೋ ಎಂಬಷ್ಟು ಸಣ್ಣಗಿತ್ತು. "ಆರು ತಿಂಗಳು... ನಂಗೆ ಆಗಲ್ಲ ಕಣೇ. ಊಟದ ಮಾತಲ್ಲ. ಊಟ ಹಾಳಾಗ್ಲಿ. ಸಂಜೆ ಬಾಗಿಲು ತೆಗೆದಾಗ ಒಳಗೆ ನೀನಿರಲ್ಲ ಅಂತ ನೆನೆಸ್ಕೊಂಡ್ರೆ ನಂಗೆ ಭಯ ಆಗುತ್ತೆ."

ಫೇಲಪ್ಪನ ಚಮಚ ಗಾಳಿಯಲ್ಲೇ ನಿಂತಿತು. ತಾಯಿ ಮಗನನ್ನು, ಇವನು ತಾನು ಹೆತ್ತವನೇ ಹೌದೋ ಎನ್ನುವಂತೆ ದಿಟ್ಟಿಸಿದಳು. ಹೆಂಡತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಇದನ್ನ ಫೋನ್ ಬಂದ ದಿನಾನೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಉಳೀತಿದ್ಯಾ?" ಮೇಷ್ಟ್ರ ಕಣ್ಣಲ್ಲಿ ಆಸೆ ಮಿನುಗಿತು.

"ಇಲ್ಲ. ಆಗ್ಲೂ ಹೋಗ್ತಿದ್ದೆ." ಆಕೆ ಸುಳ್ಳು ಹೇಳುವವಳಲ್ಲ. "ಆದ್ರೆ ಖುಷಿಯಾಗಿ ಹೋಗ್ತಿದ್ದೆ. ನಾನು ಹೋದ್ರೂ ಒಂದೇ, ಇದ್ರೂ ಒಂದೇ ಇವರಿಗೆ, ಬೇಕಾಗಿರೋದು ಅಡಿಗೆಯವಳು ಅಷ್ಟೇ ಅನ್ಕೊಂಡು ಹೊರಟಿದ್ದೆ ರೀ ಇಷ್ಟು ದಿನ."

ಮೇಷ್ಟ್ರು ಕೈಗೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಬಿಚ್ಚಿದರು, ಮಡಚಿದರು, ಮತ್ತೆ ಬಿಚ್ಚಿದರು. ಆಮೇಲೆ ಹೆಂಡತಿಗೆ ಒಂದು ಕುರ್ಚಿ ಎಳೆದು ಹಾಕಿದರು.

"ಹೋಗಿ ಬಾ" ಎಂದರು.

ಆಕೆ ಕೂತಳು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ. ಗಾಜಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಫೇಲಪ್ಪ ಬಿಟ್ಟಷ್ಟರಲ್ಲಿ ಅರ್ಧ ಅತ್ತೆಗೆ ಹಾಕಿ, ಅರ್ಧ ತಾನು ಹಾಕಿಕೊಂಡಳು.

"ಉಪ್ಪು ತನ್ನಿ" ಎಂದಳು. "ಹಸಿವಾಗ್ತಿದೆ."